ಪ್ರಶಸ್ತಿ ಬಂದಿದೆ, ಒಸಿ ಬಂದಿದೆಯಾ?

ಫ್ಲಾಟ್ ಕಟ್ಟಿ ಮುಗಿದಿದೆ. ಬಣ್ಣ ಹೊಡೆದಾಗಿದೆ, ಗೃಹಪ್ರವೇಶಕ್ಕೆ ದಿನವೂ ಗೊತ್ತಾಗಿದೆ. ಆದರೆ ಕಾಯಂ ಮೀಟರ್ ಕೊಡಲು ವಿದ್ಯುತ್ ಕಂಪನಿ ಒಪ್ಪುತ್ತಿಲ್ಲ, ಒಸಿ, ಅಂದರೆ ಕಟ್ಟಡ ಪಾಸಾದ ಪ್ಲಾನಿನ ಪ್ರಕಾರವೇ ಇದೆ ಅನ್ನುವ ಸ್ವಾಧೀನ ಪತ್ರ, ತನ್ನಿ ಅನ್ನುತ್ತಿದೆ. ಪ್ಲಾನ್ ಪಾಸಾಗಿದೆ. ರಿಯಲ್ ಎಸ್ಟೇಟ್ ಕಾಯ್ದೆಯ ನೋಂದಣಿ, ಅಂದರೆ ರೇರಾ ನಂಬರ್, ಇದೆ. ಬ್ಯಾಂಕ್ ಸಾಲವೂ ಸಿಕ್ಕಿದೆ. ಸಾಲದ್ದಕ್ಕೆ, ಯಾವುದೋ ಹೋಟೆಲಿನಲ್ಲಿ ನಡೆದ ಸಮಾರಂಭದಲ್ಲಿ ಕಟ್ಟಡಕ್ಕೆ ಪ್ರಶಸ್ತಿ ಕೂಡ ಬಂದಿದೆ. ಇಷ್ಟೆಲ್ಲ ಇದ್ದ ಮೇಲೆ ಇನ್ನೊಂದು ಕಾಗದ ಯಾಕೆ? 2025ರಿಂದ ರಾಜ್ಯದ ಹಲವು ಊರುಗಳಲ್ಲಿ ಕೇಳಿಬರುತ್ತಿರುವ ಪ್ರಶ್ನೆ ಇದು.

ಶಿವಮೊಗ್ಗಕ್ಕೆ ಈ ಪ್ರಶ್ನೆ ಸ್ವಲ್ಪ ಹೊಸದು. 30-40ರ ಸೈಟು, ಅದರಲ್ಲಿ ಸ್ವಂತ ಮನೆ, ಮುಂದೆ ಒಂದು ತೆಂಗಿನ ಮರ. ಇದು ಈ ಊರಿನ ಅಭ್ಯಾಸ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 3.22 ಲಕ್ಷ ಇತ್ತು. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಊರು ಹೀಗೆ ಬೆಳೆಯುವಾಗ ಸೈಟಿನ ಬೆಲೆ ಸಂಬಳದವರ ಕೈ ಮೀರುತ್ತದೆ. ಆಗ ಕಟ್ಟಡ ಮೇಲಕ್ಕೆ ಹೋಗುತ್ತದೆ. ಅದರ ಜೊತೆಗೇ ಈ ಊರಿನ ಜನ ಅಷ್ಟಾಗಿ ಓದಿರದ ಕಾಗದಗಳೂ ಬರುತ್ತವೆ.

ಗೊಂದಲ ಶುರುವಾದದ್ದು ಎಲ್ಲಿಂದ

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಉತ್ತರ ಪ್ರದೇಶದ ಮೀರತ್‌ನ ಒಂದು ಅಕ್ರಮ ಕಟ್ಟಡದ ಪ್ರಕರಣ ಅದು. ಆದರೆ ಕೋರ್ಟಿನ ಸೂಚನೆಗಳು ಇಡೀ ದೇಶಕ್ಕೆ ಅನ್ವಯ. ಪಾಸಾದ ಪ್ಲಾನನ್ನು ಕಟ್ಟಡದ ಜಾಗದಲ್ಲೇ ಕಾಣುವಂತೆ ಹಾಕಬೇಕು. ಕಟ್ಟುವಾಗಲೇ ಅಧಿಕಾರಿಗಳು ಆಗಾಗ ಬಂದು ನೋಡಿ ದಾಖಲೆ ಇಡಬೇಕು. ಕಟ್ಟಡ ಪ್ಲಾನಿನ ಪ್ರಕಾರವೇ ಇದೆ ಅಂತ ಸ್ಥಳಕ್ಕೆ ಹೋಗಿ ಖಾತ್ರಿ ಮಾಡಿಕೊಂಡ ಮೇಲಷ್ಟೇ ಸ್ವಾಧೀನ ಪತ್ರ ಕೊಡಬೇಕು. ನಾವು ಒಸಿ ಅನ್ನುವುದು ಇದನ್ನೇ. ಒಸಿ ಇಲ್ಲದೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡುವಂತಿಲ್ಲ. ತಪ್ಪು ಒಸಿ ಕೊಟ್ಟ ಅಧಿಕಾರಿಯ ಮೇಲೂ ಕ್ರಮ ಆಗಬೇಕು.

ಶಿವಮೊಗ್ಗಕ್ಕೆ ಕರೆಂಟ್ ಕೊಡುವುದು ಮೆಸ್ಕಾಂ. ರಾಜ್ಯದ ಬೇರೆ ಕಂಪನಿಗಳ ಹಾಗೆ ಅದೂ ಈ ಆದೇಶಕ್ಕೆ ಬದ್ಧ. ಅಷ್ಟರಲ್ಲಿ 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಗ್ರೇಟರ್ ಬೆಂಗಳೂರು ವ್ಯಾಪ್ತಿಯ ಸಣ್ಣ ಮನೆಗಳಿಗೆ, ಅಂದರೆ 1,200 ಚದರಡಿವರೆಗಿನ ಸೈಟಿನಲ್ಲಿ ಕಟ್ಟಿದವಕ್ಕೆ, ಒಸಿಯಿಂದ ವಿನಾಯಿತಿ ಪ್ರಕಟಿಸಿತು. ಆ ಸುದ್ದಿ ಊರೂರು ಸುತ್ತುವಾಗ 'ಇನ್ಮೇಲೆ ಒಸಿ ಬೇಡವಂತೆ' ಅಂತಾಯಿತು. ಹಾಗೇನೂ ಇಲ್ಲ. ಅದು ಸಣ್ಣ ಸೈಟಿನ ಸ್ವಂತ ಮನೆಗಳ ಮಾತು. ಹತ್ತಾರು ಕುಟುಂಬಗಳ ಅಪಾರ್ಟ್‌ಮೆಂಟಿಗೂ ಅದಕ್ಕೂ ಸಂಬಂಧವಿಲ್ಲ.

ಯಾವ ಕಾಗದ ಏನು ಹೇಳುತ್ತದೆ

ಅಪಾರ್ಟ್‌ಮೆಂಟ್ ಕಟ್ಟುವ ಜಾಗ ಮೊದಲು ಗದ್ದೆಯೋ ತೋಟವೋ ಆಗಿದ್ದರೆ ಭೂ ಪರಿವರ್ತನೆ ಆಗಬೇಕು. ಜನ ಅದನ್ನು ಕನ್ವರ್ಷನ್ ಅನ್ನುತ್ತಾರೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಇದಕ್ಕೆ ಆಧಾರ. ಆ ಜಾಗ ಮಾಸ್ಟರ್ ಪ್ಲಾನಿನಲ್ಲಿ ವಸತಿಗೆ ಗುರುತಾಗಿದೆಯೇ ಅಂತ ನೋಡುವುದು ಸೂಡಾ, ಅಂದರೆ ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ. ನಗರದೊಳಗೆ ಕಟ್ಟಡ ಪರವಾನಗಿ ಕೊಡುವುದು ಮಹಾನಗರ ಪಾಲಿಕೆ. ಎತ್ತರದ ಕಟ್ಟಡವಾದರೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ದಾಟಿದ ಕಟ್ಟಡವನ್ನು ಬಹುಮಹಡಿ ಅನ್ನುತ್ತದೆ. ಸುಮಾರಾಗಿ ಐದು ಅಂತಸ್ತು. ಸೋಗಾನೆಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಇನ್ನೊಂದು ಸೇರಿಕೊಂಡಿದೆ. ನಿಲ್ದಾಣದ ಸುತ್ತ 20 ಕಿ.ಮೀ. ಒಳಗೆ ಕಟ್ಟಡದ ಎತ್ತರಕ್ಕೆ ವಿಮಾನಯಾನ ನಿಯಮಗಳು ಮಿತಿ ಹಾಕುತ್ತವೆ. ಇಡೀ ಶಿವಮೊಗ್ಗ ನಗರ ಆ ವೃತ್ತದೊಳಗೆ ಬರುತ್ತದೆ.

ಆಮೇಲೆ ರೇರಾ. 2016ರ ಕಾಯ್ದೆ ಇದು. ಜಾಗ 500 ಚದರ ಮೀಟರ್‌ಗಿಂತ ಜಾಸ್ತಿ ಇದ್ದು, ಫ್ಲಾಟುಗಳೂ ಎಂಟಕ್ಕಿಂತ ಜಾಸ್ತಿ ಇದ್ದರೆ ನೋಂದಣಿ ಕಡ್ಡಾಯ. ಎರಡರಲ್ಲಿ ಒಂದು ಮಿತಿಯೊಳಗಿದ್ದರೂ ತಪ್ಪಿಸಿಕೊಳ್ಳಬಹುದು. ಎಂಟೇ ಫ್ಲಾಟಿನ ಕಟ್ಟಡಕ್ಕೆ ರೇರಾ ಇಲ್ಲ. ಸಣ್ಣ ಊರಿನ ಕಟ್ಟಡಗಳು ನುಸುಳುವುದಕ್ಕೆ ಇದಕ್ಕಿಂತ ಒಳ್ಳೇ ಸಂದಿ ಬೇಕಾ?

ಇವೆಲ್ಲದರಲ್ಲೂ ಒಂದು ಸಂಗತಿ ಸಮಾನ. ಕನ್ವರ್ಷನ್, ಪ್ಲಾನ್, ಪರವಾನಗಿ, ರೇರಾ ನಂಬರ್ ಎಲ್ಲವೂ ಕಟ್ಟಡ ಏಳುವ ಮೊದಲು ಸಿಗುವಂಥವು. ಹೀಗೆ ಕಟ್ಟುತ್ತೇನೆ ಅಂತ ಒಬ್ಬ ಹೇಳಿದ, ಸರಿ ಕಟ್ಟು ಅಂತ ಇನ್ನೊಬ್ಬ ಒಪ್ಪಿದ, ಅಷ್ಟೇ. ಕಟ್ಟಿದ್ದು ಹಾಗೇ ಇದೆಯಾ ಅಂತ ನೋಡಿ ಹೇಳುವುದು ಒಸಿ ಒಂದೇ. 'ಸೂಡಾ ಅಪ್ರೂವ್ಡ್' ಅಂತ ಫಲಕ ಹಾಕಿದ ಕಟ್ಟಡದಲ್ಲಿ ಒಂದು ಅಂತಸ್ತು ಜಾಸ್ತಿ ಎದ್ದಿರಬಹುದು. ಸುತ್ತ ಬಿಡಬೇಕಾದ ಜಾಗದಲ್ಲಿ ಜನರೇಟರ್ ಕೂತಿರಬಹುದು. ಫಲಕ ಸುಳ್ಳಲ್ಲ, ಆದರೆ ಅದು ಹೇಳುತ್ತಿರುವುದು ನಕ್ಷೆಯ ವಿಷಯ.

ಒಂದು ಎಕರೆಯ ಲೆಕ್ಕ

ಎತ್ತರಕ್ಕೆ ಕಟ್ಟುವುದೇ ತಪ್ಪು ಅನ್ನುವವರು ಒಮ್ಮೆ ಈ ಲೆಕ್ಕ ಹಾಕಿ ನೋಡಬೇಕು. ಒಂದು ಎಕರೆ ಅಂದರೆ 43,560 ಚದರಡಿ. ಅದನ್ನು ಲೇಔಟ್ ಮಾಡಿದರೆ ಹತ್ತಿರಹತ್ತಿರ ಅರ್ಧದಷ್ಟು ಜಾಗ ರಸ್ತೆ, ಪಾರ್ಕು, ಸಿಎ (ನಾಗರಿಕ ಸೌಲಭ್ಯದ) ಸೈಟಿಗೆ ಹೋಗುತ್ತದೆ. ಉಳಿದದ್ದರಲ್ಲಿ 30-40ರ ಸುಮಾರು 20 ಸೈಟು ಬೀಳುತ್ತವೆ. ಅದೇ ಎಕರೆಯಲ್ಲಿ ಅಪಾರ್ಟ್‌ಮೆಂಟ್ ಕಟ್ಟಿದರೆ? ಜಾಗದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಅನುಪಾತಕ್ಕೆ ಎಫ್‌ಎಆರ್ ಅನ್ನುತ್ತಾರೆ. ಮುಂದಿನ ರಸ್ತೆ ಅಗಲವಾದಷ್ಟೂ ಅದು ಏರುತ್ತದೆ. ಉದಾಹರಣೆಗೆ ಅದನ್ನು 2 ಅಂತ ಹಿಡಿಯೋಣ. 87 ಸಾವಿರ ಚದರಡಿ ಕಟ್ಟಬಹುದು. ಮೆಟ್ಟಿಲು, ಕಾರಿಡಾರ್ ಪಾಲು ಸೇರಿಸಿ ಒಂದು ಮನೆಗೆ 1,500 ಚದರಡಿ ಅಂದುಕೊಂಡರೂ 58 ಮನೆಗಳಾಗುತ್ತವೆ.

ಅಂದರೆ ಮೂರು ಎಕರೆ ಗದ್ದೆ ತಿನ್ನುವ ಊರು ಒಂದು ಎಕರೆಯಲ್ಲಿ ಮುಗಿಯುತ್ತದೆ. ಸವಳಂಗ ರಸ್ತೆ, ಸಾಗರ ರಸ್ತೆಗಳ ಉದ್ದಕ್ಕೂ ಗದ್ದೆ ತೋಟ ಲೇಔಟ್ ಆಗುವುದನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ.

ಆದರೆ ಲೆಕ್ಕ ಇಲ್ಲಿಗೆ ನಿಲ್ಲುವುದಿಲ್ಲ. ನಗರದ ನೀರಿನ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರೆ. ಮನೆಗೆ ನಾಲ್ಕು ಜನ ಅಂದರೆ, 20 ಸೈಟಿಗೆ ದಿನಕ್ಕೆ 10,800 ಲೀಟರ್ ಸಾಕು. 58 ಫ್ಲಾಟಿಗೆ 31,320 ಲೀಟರ್ ಬೇಕು. ಅದರಲ್ಲಿ ಹೆಚ್ಚುಕಡಿಮೆ ಶೇ. 80ರಷ್ಟು ಕೊಳಚೆಯಾಗಿ ಹೊರಗೆ ಬರುತ್ತದೆ. 25 ಸಾವಿರ ಲೀಟರ್, ದಿನಾ, ಒಂದೇ ಕಡೆಯಿಂದ. ಮೂರು ಎಕರೆಯಲ್ಲಿ ಹರಡಿ ಇರಬೇಕಾದ ಹೊರೆ ಒಂದೇ ಚರಂಡಿ ಗುಂಡಿಗೆ, ಒಂದೇ ಪೈಪಿಗೆ ಬೀಳುತ್ತದೆ. ಪೈಪ್ ಹಾಕಿದ್ದು ಯಾವ ಲೆಕ್ಕದಲ್ಲಿ? ಆ ರಸ್ತೆಯಲ್ಲಿ ಒಂಟಿ ಮನೆಗಳಿದ್ದ ಕಾಲದ ಲೆಕ್ಕದಲ್ಲಿ.

ಆ ನೀರು ಕೊನೆಗೆ ಹೋಗುವುದೂ ತುಂಗೆಗೇ, ನಾವು ಕುಡಿಯಲು ಎತ್ತುವುದೂ ತುಂಗೆಯಿಂದಲೇ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ತುಂಗಭದ್ರಾ ಪಾದಯಾತ್ರೆ ಈ ಕೊಳಚೆಯ ಮಾತನ್ನೇ ಎತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ಶುದ್ಧೀಕರಣ ಘಟಕ ಇದ್ದರೆ ಈ ಹೊರೆ ಬಹಳ ಇಳಿಯುತ್ತದೆ. ಪ್ಲಾನಿನಲ್ಲಿ ಅದು ಇರುತ್ತದೆ. ನೆಲದ ಮೇಲೆ ಇದೆಯಾ, ಇದ್ದರೂ ಓಡುತ್ತದೆಯಾ ಅನ್ನುವುದನ್ನು ನೋಡಬೇಕಾದದ್ದು ಒಸಿ ಕೊಡುವ ಹೊತ್ತಿನಲ್ಲಿ.

ಇನ್ನೊಂದು ವಿಷಯ ನೆರೆ. ಶಿವಮೊಗ್ಗ ನಗರದಲ್ಲಿ ಮಳೆ ಅಂಥ ಜಾಸ್ತಿ ಏನಲ್ಲ. ಆದರೆ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರುವ ಆಗುಂಬೆ ಇರುವುದು ಇದೇ ಜಿಲ್ಲೆಯಲ್ಲಿ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದು ಗಾಜನೂರು ಅಣೆಕಟ್ಟಿಗೆ ಬಂದು ಸೇರುತ್ತದೆ. ಅದು ಸಣ್ಣ ಅಣೆಕಟ್ಟು, ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದದ್ದೆಲ್ಲ ನೇರ ನಗರದ ಕಡೆಗೆ. 2019ರ ಆಗಸ್ಟಿನಲ್ಲಿ ತುಂಗೆ ಬಡಾವಣೆಗಳಿಗೆ ನುಗ್ಗಿದ್ದನ್ನು ಊರು ಮರೆತಿಲ್ಲ. ತಗ್ಗಿನ ಜಾಗದಲ್ಲಿ ನೆಲಮಾಳಿಗೆ ತೋಡಿ ಪಾರ್ಕಿಂಗ್ ಮಾಡಿದರೆ ಅಂಥ ದಿನ ಮೊದಲು ಮುಳುಗುವುದು ಕಾರುಗಳು, ಆಮೇಲೆ ಅಲ್ಲೇ ಕೂರಿಸಿದ ವಿದ್ಯುತ್ ಫಲಕ, ನೀರೆತ್ತುವ ಪಂಪು. ಆರನೇ ಅಂತಸ್ತಿನವರು ನೆನೆಯುವುದಿಲ್ಲ, ನಿಜ. ಅವರಿಗೆ ಲಿಫ್ಟೂ ಇರುವುದಿಲ್ಲ, ನೀರೂ ಇರುವುದಿಲ್ಲ.

ಯಾರೂ ಕೂಡಿಸದ ಮೊತ್ತ

ಇಷ್ಟೆಲ್ಲ ಪರಿಣಾಮ ಇದ್ದರೆ ಪರಿಸರ ಅನುಮತಿಯಲ್ಲಿ ಅದನ್ನು ನೋಡುವುದಿಲ್ವಾ? ದೊಡ್ಡ ಕಟ್ಟಡಕ್ಕೆ ನೋಡುತ್ತಾರೆ. 2006ರ ಅಧಿಸೂಚನೆಯ ಪ್ರಕಾರ ಒಟ್ಟು ಕಟ್ಟಡ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಬೇಕು. ನಮ್ಮ ಒಂದು ಎಕರೆಯ ಕಟ್ಟಡ ಸುಮಾರು 8,100 ಚದರ ಮೀಟರ್. ಪಾರ್ಕಿಂಗ್ ಸೇರಿಸಿದರೂ ಮಿತಿಯ ಹತ್ತಿರ ಬರುವುದಿಲ್ಲ.

ಬೆಂಗಳೂರಿನ ಗೋಪುರಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಹಾಗಿದೆ ಈ ಮಿತಿ. ಮಧ್ಯಮ ಗಾತ್ರದ ಊರಿನಲ್ಲಿ ಏಳುವ ಕಟ್ಟಡ ಅದರ ಕೆಳಗೇ ಉಳಿಯುತ್ತದೆ. ಒಂದೇ ರಸ್ತೆಯಲ್ಲಿ ಐದು ಬಿಲ್ಡರುಗಳು ಐದು ಕಟ್ಟಡ ಕಟ್ಟಿದರೆ 290 ಮನೆಗಳಾಗುತ್ತವೆ. ಒಟ್ಟು ಸೇರಿಸಿದರೆ ಮಿತಿಯ ದುಪ್ಪಟ್ಟು. ಆದರೆ ಐದೂ ಬೇರೆ ಬೇರೆ ಫೈಲು, ಪ್ರತಿ ಫೈಲೂ ತನ್ನಷ್ಟಕ್ಕೆ ಸರಿ. ಅವನ್ನು ಕೂಡಿಸಿ ನೋಡುವ ಮೇಜು ಯಾವ ಕಚೇರಿಯಲ್ಲೂ ಇಲ್ಲ. ಮಾಸ್ಟರ್ ಪ್ಲಾನ್ ಆ ಕೆಲಸ ಮಾಡಬೇಕಿತ್ತು. ಅದು ಜಾಗಕ್ಕೆ ಬಣ್ಣ ಬಳಿಯುತ್ತದೆ, ಹಳದಿ ಅಂದರೆ ವಸತಿ ಅನ್ನುತ್ತದೆ. ಆ ಹಳದಿಯಲ್ಲಿ ಎಷ್ಟು ಜನ ಇರಬಹುದು, ಅಷ್ಟು ಜನಕ್ಕೆ ಪೈಪ್ ಸಾಲುತ್ತದಾ ಅನ್ನುವುದನ್ನು ಹೇಳುವುದಿಲ್ಲ.

ಪ್ರಶಸ್ತಿ ಎಲ್ಲಿಂದ ಬರುತ್ತದೆ

ಈಗ ಪ್ರಶಸ್ತಿಯ ಮಾತು. ಸ್ವಂತ ಮನೆ ಕಟ್ಟಿಸುವಾಗ ಮೇಸ್ತ್ರಿ ಗೊತ್ತಿದ್ದವನಾಗಿರುತ್ತಾನೆ. ಮಾಲೀಕರು ದಿನಾ ಹೋಗಿ ನೋಡುತ್ತಾರೆ. ಸಿಮೆಂಟ್ ಮೂಟೆ ಎಣಿಸುತ್ತಾರೆ, ಗಾರೆಗೆ ನೀರು ಹೊಡೆದಿಲ್ಲ ಅಂತ ಜಗಳ ಆಡುತ್ತಾರೆ. ಅದೇ ತಪಾಸಣೆ. ಫ್ಲಾಟ್ ಕೊಳ್ಳುವವರಿಗೆ ಅದು ಯಾವುದೂ ಇಲ್ಲ. ಅವರ ಕೈಯಲ್ಲಿರುವುದು ಬಣ್ಣದ ಬ್ರೋಷರ್ ಮಾತ್ರ. ಕಟ್ಟುವವರ ಪರಿಚಯ ಇಲ್ಲ, ಕಟ್ಟಡ ಇನ್ನೂ ಎದ್ದಿಲ್ಲ. ನಂಬಿಕೆಗೆ ಏನಾದರೊಂದು ಆಧಾರ ಬೇಕಲ್ವಾ? ಆ ಖಾಲಿ ಜಾಗಕ್ಕೆ ಪ್ರಶಸ್ತಿ ಬಂದು ಕೂರುತ್ತದೆ.

ಕಟ್ಟಡ ಉದ್ಯಮದ ಪ್ರಶಸ್ತಿಗಳಲ್ಲಿ ಹಲವು ನಡೆಯುವ ಬಗೆ ಹೀಗಿದೆ. ಕಂಪನಿಯೇ ಅರ್ಜಿ ಹಾಕುತ್ತದೆ, ಪ್ರವೇಶ ಶುಲ್ಕ ಕಟ್ಟುತ್ತದೆ. ಸಮಾರಂಭದಲ್ಲಿ ಟೇಬಲ್ ಕೊಳ್ಳಬೇಕಾಗಬಹುದು, ಪ್ರಾಯೋಜಕತ್ವವನ್ನೂ ಕೇಳಬಹುದು. ವಿಭಾಗಗಳು ಎಷ್ಟು ಬೇಕಾದರೂ ಇರುತ್ತವೆ. ವರ್ಷದ ಉದಯೋನ್ಮುಖ ಸಂಸ್ಥೆ, ಎರಡನೇ ಹಂತದ ನಗರಗಳ ಅತ್ಯುತ್ತಮ ವಸತಿ ಯೋಜನೆ, ಹೀಗೆ. ವಿಭಾಗ ಸಣ್ಣದಾದಷ್ಟೂ ಸ್ಪರ್ಧಿಗಳು ಕಡಿಮೆ. ತೀರ್ಪುಗಾರರು ನೋಡುವುದು ಕಂಪನಿ ಕಳಿಸಿದ ಚಿತ್ರ ಮತ್ತು ಬರಹ. ಎಷ್ಟೋ ಸಲ ಕಟ್ಟಡ ಇನ್ನೂ ಅಡಿಪಾಯದಲ್ಲಿರುತ್ತದೆ.

ಎಲ್ಲ ಪ್ರಶಸ್ತಿಯೂ ಹೀಗೇ ಅಂತಲ್ಲ. ವಾಸ್ತುಶಿಲ್ಪಕ್ಕೆ ಕೊಡುವ ಆಗಾ ಖಾನ್ ಪ್ರಶಸ್ತಿಯನ್ನು ನೋಡಿ. ಮೂರು ವರ್ಷಕ್ಕೊಮ್ಮೆ ಕೊಡುತ್ತಾರೆ. ಕಟ್ಟಡ ಪೂರ್ತಿಯಾಗಿ, ಕನಿಷ್ಠ ಒಂದು ವರ್ಷ ಬಳಕೆಯಲ್ಲಿ ಇದ್ದಿರಬೇಕು. ಆಯ್ಕೆಯ ಹಂತಕ್ಕೆ ಬಂದ ಕಟ್ಟಡಕ್ಕೆ ತಜ್ಞರು ಖುದ್ದು ಹೋಗಿ ನೋಡುತ್ತಾರೆ. ಇದು ಒಸಿಯ ತತ್ವಕ್ಕೆ ಹತ್ತಿರವಾದದ್ದು. ಇನ್ನು ಹಸಿರು ಕಟ್ಟಡದ ರೇಟಿಂಗ್ ಪ್ರಶಸ್ತಿಯಲ್ಲ, ಅದು ಪ್ರಮಾಣಪತ್ರ. ಅದರಲ್ಲೂ ಒಂದು ಸೂಕ್ಷ್ಮ ಇದೆ. ವಿನ್ಯಾಸದ ಹಂತದಲ್ಲೇ 'ಪೂರ್ವ ಪ್ರಮಾಣೀಕರಣ' ಸಿಗುತ್ತದೆ, ಅಂತಿಮ ಪ್ರಮಾಣಪತ್ರ ಕಟ್ಟಿದ ಮೇಲೆ. ಜಾಹೀರಾತಿನಲ್ಲಿ 'ಪೂರ್ವ' ಅನ್ನುವ ಪದ ಯಾವ ಗಾತ್ರದ ಅಕ್ಷರದಲ್ಲಿದೆ ಅಂತ ನೋಡಿಕೊಂಡರೆ ಸಾಕು.

ಕಾನೂನು ಇಲ್ಲಿ ಸುಮ್ನೆ ಕೂತಿಲ್ಲ. ರೇರಾದ 11ನೇ ಕಲಂ ಪ್ರಕಾರ ಪ್ರತಿ ಜಾಹೀರಾತಿನಲ್ಲೂ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ಜಾಲತಾಣದ ವಿಳಾಸ ಎದ್ದು ಕಾಣುವಂತೆ ಇರಬೇಕು. 12ನೇ ಕಲಂ ಇನ್ನೂ ಮುಖ್ಯ. ಜಾಹೀರಾತಿನ ಸುಳ್ಳು ಮಾತು ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು. ಬೇಡವೆಂದರೆ ಬಡ್ಡಿ ಸಮೇತ ಹಣ ವಾಪಸ್ ಪಡೆದು ಹೊರಗೆ ಬರಬಹುದು. ಆದರೆ 'ಪ್ರಶಸ್ತಿ ವಿಜೇತ' ಅನ್ನುವುದು ಸಾಮಾನ್ಯವಾಗಿ ಸುಳ್ಳಲ್ಲ. ಪ್ರಶಸ್ತಿ ನಿಜವಾಗಿಯೂ ಬಂದಿರುತ್ತದೆ. ಅದಕ್ಕೇ ಅದನ್ನು ಹಿಡಿಯುವುದು ಕಷ್ಟ.

ಬಿಲ್ಡರುಗಳ ವಾದ

ಕಟ್ಟುವವರ ಕಡೆಯ ಮಾತಿನಲ್ಲೂ ಹುರುಳಿದೆ. ಒಂದು ಫೈಲು ಕಂದಾಯ, ಸೂಡಾ, ಪಾಲಿಕೆ, ಅಗ್ನಿಶಾಮಕ, ಮೆಸ್ಕಾಂ, ಒಳಚರಂಡಿ ಮಂಡಳಿ ಅಂತ ಅಲೆಯುವಾಗ ಜಾಗಕ್ಕೆ ಹಾಕಿದ ದುಡ್ಡಿಗೆ ಬಡ್ಡಿ ಓಡುತ್ತಿರುತ್ತದೆ. ಆ ಬಡ್ಡಿ ಕೊನೆಗೆ ಫ್ಲಾಟಿನ ಬೆಲೆಗೇ ಸೇರುತ್ತದೆ. ಒಸಿಗೆ ಅರ್ಜಿ ಹಾಕಿದರೂ ಬಂದು ನೋಡುವವರಿಲ್ಲದೆ ತಿಂಗಳುಗಟ್ಟಲೆ ಕಾಯಬೇಕು ಅನ್ನುವ ದೂರೂ ಇದೆ. ಪೂರ್ತಿ ನಿಯಮದಂತೆ ಕಟ್ಟಿದವನೂ ಕಾಯಬೇಕು, ಒಂದು ಅಂತಸ್ತು ಜಾಸ್ತಿ ಎಬ್ಬಿಸಿದವನೂ ಕಾಯಬೇಕು ಅಂದರೆ ನಿಯಮ ಪಾಲಿಸಿದ್ದಕ್ಕೆ ಲಾಭ ಏನು?

ಇದರ ಜೊತೆಗೆ ಅಕ್ರಮ–ಸಕ್ರಮದ ಆಸೆ ಬೇರೆ. ವಸತಿ ಕಟ್ಟಡಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಯನ್ನು ರಾಜ್ಯ ಸರ್ಕಾರ ತಂದಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತಡೆ ಬಂದರೂ ಆಸೆ ಹೋಗಲಿಲ್ಲ. ಇವತ್ತಲ್ಲ ನಾಳೆ ಸಕ್ರಮ ಆಗುತ್ತದೆ ಅನ್ನುವ ನಂಬಿಕೆಯಲ್ಲಿ ಕಟ್ಟುವವರಿಗೆ ಒಸಿ ಒಂದು ತಲೆನೋವಾಗಿ ಮಾತ್ರ ಕಾಣುತ್ತದೆ.

ಅನುಮತಿ ಇದ್ದೂ ಬಿದ್ದ ಕಟ್ಟಡಗಳು

ಪ್ಲಾನ್ ಪಾಸಾಗಿದೆಯಲ್ಲ, ಇನ್ನೇನು ಭಯ ಅನ್ನುವವರಿಗೆ ಕೇರಳದ ಮರಡು ನೆನಪಿಸಬೇಕು. ಕೊಚ್ಚಿಯ ಪಕ್ಕದ ಆ ಊರಿನಲ್ಲಿ ನಾಲ್ಕು ಅಪಾರ್ಟ್‌ಮೆಂಟುಗಳಿಗೆ ಅಲ್ಲಿನ ಪಂಚಾಯಿತಿಯೇ ಪರವಾನಗಿ ಕೊಟ್ಟಿತ್ತು. ಆದರೆ ಕರಾವಳಿ ನಿಯಂತ್ರಣ ನಿಯಮ ಮೀರಿತ್ತು. 2019ರ ಮೇನಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಹೇಳಿತು. 2020ರ ಜನವರಿ 11 ಮತ್ತು 12ರಂದು ನಾಲ್ಕೂ ನೆಲಕ್ಕೆ ಬಿದ್ದವು. ಫ್ಲಾಟ್ ಕೊಂಡವರಿಗೆ ಕೋರ್ಟ್ ಹೇಳಿದ ಮಧ್ಯಂತರ ಪರಿಹಾರ 25 ಲಕ್ಷ ರೂಪಾಯಿ.

ನೋಯ್ಡಾದ ಅವಳಿ ಗೋಪುರಗಳ ಪ್ಲಾನನ್ನೂ ಪ್ರಾಧಿಕಾರವೇ ಒಪ್ಪಿತ್ತು. ಪಕ್ಕದ ಕಟ್ಟಡಕ್ಕೆ 16 ಮೀಟರ್ ಅಂತರ ಬಿಡಬೇಕಿದ್ದಲ್ಲಿ 9 ಮೀಟರ್ ಬಿಟ್ಟಿದ್ದರು. ಅಲ್ಲಿನ ನಿವಾಸಿಗಳ ಸಂಘ ವರ್ಷಗಟ್ಟಲೆ ಹೋರಾಡಿತು. 2022ರ ಆಗಸ್ಟ್ 28ರಂದು ಎರಡೂ ಗೋಪುರಗಳನ್ನು ಸ್ಫೋಟಿಸಿ ಕೆಡವಿದರು. ಅಧಿಕಾರಿಗಳೂ ಬಿಲ್ಡರೂ ಕೈಜೋಡಿಸಿದ್ದರು ಅಂತ ಕೋರ್ಟೇ ಹೇಳಿತ್ತು.

ದೊಡ್ಡ ಊರಿನ ಕಥೆ ಅನ್ನುವಂತಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ಕಟ್ಟುವಾಗಲೇ ಆಗಾಗ ಹೋಗಿ ನೋಡಿ ಅಂತ ಸುಪ್ರೀಂ ಕೋರ್ಟ್ ಯಾಕೆ ಹೇಳಿತು ಅನ್ನುವುದು ಇಂಥ ಘಟನೆ ನೋಡಿದರೆ ಗೊತ್ತಾಗುತ್ತದೆ.

ಘಟ್ಟದ ಕಡೆ ಬೇರೆ ಕಥೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪ್ರಶ್ನೆಯೇ ಬೇರೆ. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡನ್ನು ಕೇಂದ್ರ 2024ರ ಜುಲೈ 31ರಂದು ಹೊರಡಿಸಿತು. ಆ ಪ್ರದೇಶದಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಕ್ಕೆ ಅದರಲ್ಲಿ ನಿಷೇಧ ಇದೆ. ರಾಜ್ಯ ಸಂಪುಟ ಅದೇ ಸೆಪ್ಟೆಂಬರಿನಲ್ಲಿ ಕರಡನ್ನು ತಿರಸ್ಕರಿಸಿತು. ಮನೆ ಕಟ್ಟಲೂ ಬಿಡುವುದಿಲ್ಲ ಅನ್ನುವ ಭಯ ಹಳ್ಳಿಗಳಲ್ಲಿದೆ. ಕರಡಿನ ಮಿತಿ ನೋಡಿದರೆ ಅದು ಎರಡು ಲಕ್ಷ ಚದರಡಿಗೂ ಮಿಕ್ಕಿದ ಕಟ್ಟಡದ ಮಾತು. ತಮಾಷೆ ಏನೆಂದರೆ, ಗುಡ್ಡ ಕಡಿದು ಕಟ್ಟುವ ಸಾಧಾರಣ ರೆಸಾರ್ಟ್ ಈ ಮಿತಿಗೂ ಸಿಗುವುದಿಲ್ಲ.

ಮುಂದೆ ಏನಾಗಬಹುದು

ಒಸಿ ಪಟ್ಟು ಹೀಗೇ ಮುಂದುವರಿದರೆ ಮೊದಲ ಏಟು ಬೀಳುವುದು ತಪ್ಪು ಮಾಡಿದವರ ಮೇಲಲ್ಲ, ಕೊಂಡವರ ಮೇಲೆ. ಬಿಲ್ಡರ್ ಹಣ ತೆಗೆದುಕೊಂಡಾಗಿರುತ್ತದೆ. ಕೊಂಡವರು ಕಟ್ಟಡ ಕಟ್ಟಲು ಕೊಟ್ಟ ತಾತ್ಕಾಲಿಕ ಸಂಪರ್ಕದಲ್ಲೇ ದಿನ ದೂಡುತ್ತಾರೆ. ಅದರ ಯೂನಿಟ್ ದರ ಮನೆ ಬಳಕೆಯ ದರಕ್ಕಿಂತ ಜಾಸ್ತಿ. ಮುಹೂರ್ತ ಒಸಿಗೆ ಕಾಯುವುದಿಲ್ಲವಲ್ಲ, ಹಾಲು ಉಕ್ಕಿಸಿ ಒಳಗೆ ಬಂದುಬಿಟ್ಟಿರುತ್ತಾರೆ. ಹಾಗೆ ಬಂದು ಕೂತ ಮೇಲೆ ಒಸಿ ತರಬೇಕೆನ್ನುವ ಅವಸರ ಬಿಲ್ಡರಿಗೂ ಇರುವುದಿಲ್ಲ.

ಕೊಳ್ಳುವ ಮೊದಲಾದರೆ ಕೈಯಲ್ಲಿ ಹಿಡಿತ ಇರುತ್ತದೆ. ನೋಂದಾಯಿತ ಕರಾರು ಪತ್ರ ಆಗದೆ ಬೆಲೆಯ ಶೇ. 10ಕ್ಕಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ ಅನ್ನುತ್ತದೆ ರೇರಾ. ಕೊಂಡವರಿಂದ ಬಂದ ಹಣದ ಶೇ. 70 ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲೇ ಇರಬೇಕು. ಪಾಸಾದ ಪ್ಲಾನಿನಲ್ಲಿ ದೊಡ್ಡ ಬದಲಾವಣೆ ಮಾಡಲು ಮೂರರಲ್ಲಿ ಎರಡು ಪಾಲು ಕೊಂಡವರು ಒಪ್ಪಬೇಕು. ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿ ಮಾಡಿಕೊಡಬೇಕು. ಕೊನೆಯ ಕಂತನ್ನು ಒಸಿಗೆ ಕಟ್ಟಿಹಾಕುವ ಒಂದು ಸಾಲು ಕರಾರಿನಲ್ಲಿ ಬರೆಸಿದರೆ ಅವಸರ ತಾನಾಗಿ ಬರುತ್ತದೆ. ಎಂಟು ಫ್ಲಾಟಿನೊಳಗಿನ ಕಟ್ಟಡದಲ್ಲಿ ರೇರಾ ಕಾವಲು ಇಲ್ಲದ ಕಾರಣ ಅಲ್ಲಿ ಆ ಸಾಲು ಇನ್ನೂ ಜಾಸ್ತಿ ಬೇಕು.

ಪಾಲಿಕೆಯ ಕಡೆಯಿಂದ ಆಗಬೇಕಾದದ್ದು ದೊಡ್ಡದೇನಲ್ಲ. ಕೊಟ್ಟ ಪರವಾನಗಿ, ಮಾಡಿದ ತಪಾಸಣೆ, ಕೊಟ್ಟ ಒಸಿ, ಈ ಮೂರರ ಪಟ್ಟಿಯನ್ನು ವಾರ್ಡ್ ಪ್ರಕಾರ ಎಲ್ಲರಿಗೂ ಕಾಣುವಂತೆ ಹಾಕಿದರೆ ಸಾಕು. ಯಾವ ಕಟ್ಟಡ ಎಲ್ಲಿ ನಿಂತಿದೆ ಅಂತ ಕೊಳ್ಳುವವರಿಗೆ ಗೊತ್ತಾಗುತ್ತದೆ, ಒಂದೇ ರಸ್ತೆಯ ಐದು ಫೈಲುಗಳ ಮೊತ್ತವೂ ಮೊದಲ ಸಲ ಒಂದೇ ಹಾಳೆಯಲ್ಲಿ ಕಾಣುತ್ತದೆ. ಪಟ್ಟಿ ಹಾಕಲು ಹೊಸ ಕಾನೂನು ಬೇಕಾಗಿಲ್ಲ. ತಪಾಸಣೆಗೆ ಹೋಗಲು ಮಾತ್ರ ಎಂಜಿನಿಯರುಗಳು ಬೇಕು.